ಕಾರ್ಖಾನೆಯ ರಾಸಾಯನಿಕಗಳ ಅಪಾಯ ಅಳೆಯುವುದು ಹೇಗೆ: ಡ್ರಮ್ಮಿನಿಂದ ಫಾರ್ಮಿನವರೆಗೆ, ಹಂತ ಹಂತವಾಗಿ

ಇನ್‌ಸ್ಪೆಕ್ಟರ್ ಬಂದು ಹೋದ ಮರುದಿನ ನನಗೆ ಫೋನ್ ಬರುತ್ತದೆ. ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ರಿಸ್ಕ್ ಅಸೆಸ್‌ಮೆಂಟ್ ಫೈಲ್ ಬೇಕಂತೆ. ಯಾವ ಫಾರ್ಮ್ ತುಂಬಬೇಕು ಸಾರ್?"

ಎಡವುವುದು ಇಲ್ಲೇ. ಫಾರ್ಮು ಕೊನೆಯ ಕೆಲಸ. ಅದನ್ನು ಮೊದಲು ಹಿಡಿದರೆ ತುಂಬಲು ಮಾಹಿತಿ ಇರುವುದಿಲ್ಲ. ಆಗ ಪಕ್ಕದ ಕಾರ್ಖಾನೆಯ ಫೈಲ್ ತಂದು ಹೆಸರು ಬದಲಿಸುತ್ತಾರೆ. ಲೋಹಕ್ಕೆ ಲೇಪ ಕೊಡುವ ಒಂದು ಪ್ಲೇಟಿಂಗ್ ಘಟಕದಲ್ಲಿ ನಾನೇ ನೋಡಿದ್ದೇನೆ. ಫೈಲಿನಲ್ಲಿದ್ದದ್ದು ಅಮೋನಿಯ ಸೋರಿದರೆ ಏನು ಮಾಡಬೇಕು ಎಂಬ ಯೋಜನೆ. ಸ್ಟೋರಿನಲ್ಲಿದ್ದದ್ದು ಸೋಡಿಯಂ ಸಯನೈಡ್. ಅದರ ಪಕ್ಕದ ಕೋಣೆಯಲ್ಲಿ ಆಸಿಡ್. ಎರಡೂ ಸೇರಿದರೆ ವಿಷಾನಿಲ. ಆ ಫೈಲ್ ನಂಬಿಕೊಂಡು ಅಲ್ಲಿ ಮೂವತ್ತು ಜನ ಕೆಲಸ ಮಾಡುತ್ತಿದ್ದರು.

ಪ್ಲೇಟಿಂಗ್, ಬಣ್ಣ ಹಾಕುವ ಘಟಕ, ಔಷಧ ತಯಾರಿಯ ನಡುವಿನ ಹಂತದ ರಾಸಾಯನಿಕಗಳ (ಇಂಟರ್ಮೀಡಿಯೇಟ್) ಘಟಕ, ಐಸ್ ಕಾರ್ಖಾನೆ, ನೀರು ಶುದ್ಧೀಕರಣ ಘಟಕ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಪೀಣ್ಯದಲ್ಲಿರಲಿ, ಬೈಕಂಪಾಡಿಯಲ್ಲಿರಲಿ, ಕಡೇಚೂರಿನಲ್ಲಿರಲಿ, ಮೂಲ ನಿಯಮ ದೇಶಕ್ಕೆಲ್ಲ ಒಂದೇ: 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ, 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು. ಮುಂದೆ ಇದನ್ನು ಸುಮ್ನೆ '1989ರ ನಿಯಮಗಳು' ಅಂತ ಕರೆಯುತ್ತೇನೆ.

## ಮೊದಲು ಇವನ್ನು ಜೋಡಿಸಿಕೊಳ್ಳಿ

ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ನೋಟ್‌ಬುಕ್, ಕ್ಯಾಮೆರಾ ಇರುವ ಫೋನ್, ಅಳತೆ ಟೇಪು, ಅಳಿಸಿಹೋಗದ ಮಾರ್ಕರ್, ಕಾರ್ಖಾನೆಯ ನಕ್ಷೆಯ ದೊಡ್ಡ ಪ್ರತಿ ಒಂದು. ಕಳೆದ 12 ತಿಂಗಳ ಖರೀದಿ ಬಿಲ್ಲುಗಳು. 1989ರ ನಿಯಮಗಳ ಪೂರ್ತಿ ಪ್ರತಿ, ಅನುಸೂಚಿಗಳ ಸಮೇತ. 1994 ಮತ್ತು 2000ದ ತಿದ್ದುಪಡಿ ಸೇರಿದ ಪ್ರತಿಯೇ ಆಗಬೇಕು.

ಇಬ್ಬರು ಜನ ಬೇಕು. ಒಬ್ಬರು ಸ್ಟೋರ್ ಕೀಪರ್. ಇನ್ನೊಬ್ಬರು ದಿನವೂ ಡ್ರಮ್ ಬಿಚ್ಚಿ ಸುರಿಯುವ ಹೆಲ್ಪರ್. ಮ್ಯಾನೇಜರ್ ಒಬ್ಬರೇ ಕೂತು ಮಾಡಿದ ಪಟ್ಟಿ ಪೂರ್ತಿ ಆಗಿದ್ದನ್ನು ನಾನು ಇದುವರೆಗೆ ನೋಡಿಲ್ಲ.

## ಹಂತ 1: ನಡೆದು ನೋಡಿ ಪಟ್ಟಿ ಮಾಡಿ

ರಿಜಿಸ್ಟರ್ ಮುಚ್ಚಿಡಿ. ಗೇಟಿನಿಂದ ಶುರು ಮಾಡಿ ಒಂದು ಸುತ್ತು ನಡೆಯಿರಿ. ಕಂಡ ಪ್ರತಿ ಡ್ರಮ್, ಕ್ಯಾನ್, ಚೀಲ, ಸಿಲಿಂಡರ್, ಬಕೆಟ್ ಬರೆದುಕೊಳ್ಳಿ. ಲೇಬಲ್‌ನ ಫೋಟೋ ತೆಗೆಯಿರಿ. ಎಲ್ಲಿದೆ, ಎಷ್ಟಿದೆ, ಮುಚ್ಚಳ ಹೇಗಿದೆ ಅನ್ನುವುದನ್ನೂ ಬರೆಯಿರಿ.

ಬಿಟ್ಟುಹೋಗುವ ಜಾಗಗಳು ಯಾವಾಗಲೂ ಅವೇ: ಜನರೇಟರ್ ಪಕ್ಕದ ಡೀಸೆಲ್ ಬ್ಯಾರೆಲ್, ಬಾಯ್ಲರ್ ನೀರಿಗೆ ಹಾಕುವ ರಾಸಾಯನಿಕ, ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ಕೋಣೆಯ ಆಸಿಡ್ ಮತ್ತು ಕಾಸ್ಟಿಕ್, ಲ್ಯಾಬಿನ ಕಪಾಟು, ಶೌಚಾಲಯದ ಕ್ಲೀನರ್, ಮೆಟ್ಟಿಲ ಕೆಳಗೆ ತಳ್ಳಿಟ್ಟ 'ಹಳೆ ಸ್ಯಾಂಪಲ್'. ತ್ಯಾಜ್ಯವನ್ನೂ ಬರೆಯಿರಿ. ಕೆಸರು, ಬಳಸಿದ ಸಾಲ್ವೆಂಟ್, ಖಾಲಿ ಡ್ರಮ್ ಎಲ್ಲವೂ ಪಟ್ಟಿಗೆ ಬರಬೇಕು. ಖಾಲಿ ಡ್ರಮ್ಮಿನೊಳಗೆ ಆವಿ ಉಳಿದಿರುತ್ತದೆ. ತುಂಬಿದ ಡ್ರಮ್ಮಿಗಿಂತ ಖಾಲಿ ಸಾಲ್ವೆಂಟ್ ಡ್ರಮ್ಮನ್ನು ವೆಲ್ಡಿಂಗ್ ಹತ್ತಿರ ತರುವುದು ಜಾಸ್ತಿ ಅಪಾಯ.

ನಂತರ ಖರೀದಿ ಬಿಲ್ಲುಗಳ ಜೊತೆ ಹೋಲಿಸಿ. ಬಿಲ್ಲಿನಲ್ಲಿದೆ, ಕಣ್ಣಿಗೆ ಬಿದ್ದಿಲ್ಲ ಎಂದರೆ ಹುಡುಕಿ. ಕಣ್ಣಿಗೆ ಬಿದ್ದಿದೆ, ಬಿಲ್ಲಿಲ್ಲ ಎಂದರೆ ಇನ್ನೂ ಜಾಸ್ತಿ ಹುಡುಕಿ.

ಎಚ್ಚರಿಕೆಯ ಲಕ್ಷಣ: ಲೇಬಲ್ ಇಲ್ಲದ ಕ್ಯಾನ್, ಉಬ್ಬಿದ ಡ್ರಮ್, ಮುಚ್ಚಳದ ಸುತ್ತ ಹರಳುಗಟ್ಟಿದ ಬಾಟಲಿ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಟ್ಟ ದ್ರವ. ಉಬ್ಬಿದ್ದನ್ನು, ಹರಳುಗಟ್ಟಿದ್ದನ್ನು ಅಲ್ಲಾಡಿಸಬೇಡಿ, ತೆರೆಯಬೇಡಿ. ಈಥರ್, ಟಿಎಚ್‌ಎಫ್ ತರಹದ ಸಾಲ್ವೆಂಟ್ ಹಳತಾದಾಗ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಮುಚ್ಚಳ ತಿರುಗಿಸಿದ ಉಜ್ಜಾಟಕ್ಕೇ ಅದು ಸ್ಫೋಟಿಸಬಹುದು. ಜನರನ್ನು ದೂರ ಕಳಿಸಿ, ಕೋಣೆಗೆ ಬೀಗ ಹಾಕಿ, ಪರಿಣತರನ್ನು ಕರೆಸಿ.

## ಹಂತ 2: ಹೆಸರನ್ನು ನಂಬಬೇಡಿ, ಕ್ಯಾಸ್ ನಂಬರ್ ಹುಡುಕಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ನನ್ನ ಪ್ರಕಾರ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

ಒಂದು ಕಡೆ ರಿಜಿಸ್ಟರಿನಲ್ಲಿ 'ಹೈಪೋ' ಅಂತ ಒಂದೇ ಸಾಲು ಇತ್ತು. ಸ್ಟೋರಿನಲ್ಲಿ ನೋಡಿದರೆ ಎರಡು ವಸ್ತು. ಒಂದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರವ. ಇನ್ನೊಂದು ಸೋಡಿಯಂ ಥಯೋಸಲ್ಫೇಟ್, ಅಂದರೆ ಕ್ಲೋರಿನ್ನನ್ನು ಕೊಲ್ಲಲು ಹಾಕುವ ಹರಳು. ಮಾರುಕಟ್ಟೆಯಲ್ಲಿ ಎರಡಕ್ಕೂ ಹೈಪೋ ಅನ್ನುತ್ತಾರೆ. ಮೊದಲನೆಯದಕ್ಕೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನೆಯದಕ್ಕೆ ಬಿದ್ದರೆ ಸಲ್ಫರ್ ಡೈಆಕ್ಸೈಡ್. ಹೆಸರು ಒಂದೇ ಅಂತ ಹೊಸ ಹೆಲ್ಪರ್ ಒಂದರ ಬದಲು ಇನ್ನೊಂದನ್ನು ತೆಗೆದುಕೊಂಡರೆ ಅವನ ತಪ್ಪು ಅನ್ನಲು ಆಗುತ್ತಾ?

'ಸ್ಪಿರಿಟ್' ಕೂಡ ಹೀಗೇ. ಅದು ಎಥನಾಲ್ ಆಗಿರಬಹುದು, ವಿಷವಾದ ಮೆಥನಾಲ್ ಆಗಿರಬಹುದು. 'ಥಿನ್ನರ್' ಅಂತೂ ಒಂದೊಂದು ಅಂಗಡಿಯಲ್ಲಿ ಒಂದೊಂದು ಮಿಶ್ರಣ.

ಪ್ರತಿ ರಾಸಾಯನಿಕಕ್ಕೂ ಜಗತ್ತಿನಲ್ಲೆಲ್ಲ ಒಪ್ಪಿಕೊಂಡ ಒಂದು ಕ್ಯಾಸ್ ನಂಬರ್ ಇದೆ. ಹೈಪೋಕ್ಲೋರೈಟ್‌ಗೆ 7681-52-9. ಥಯೋಸಲ್ಫೇಟ್‌ಗೆ 7772-98-7. ಮೆಥನಾಲ್‌ಗೆ 67-56-1. ಎಥನಾಲ್‌ಗೆ 64-17-5. ಪಟ್ಟಿಯಲ್ಲಿ ವ್ಯಾಪಾರದ ಹೆಸರು, ರಾಸಾಯನಿಕ ಹೆಸರು, ಕ್ಯಾಸ್ ನಂಬರ್ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ.

ನಂಬರ್ ಬರೆಯುವಾಗ ಅಂಕಿ ತಪ್ಪುತ್ತದೆ. ಪರೀಕ್ಷಿಸುವ ಸುಲಭ ದಾರಿ ಇದೆ. ಕೊನೆಯ ಅಂಕಿ ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3, 4 ಎಂದು ಗುಣಿಸುತ್ತಾ ಹೋಗಿ, ಕೂಡಿಸಿ. ಮೆಥನಾಲ್‌ನ 67-56-1 ತೆಗೆದುಕೊಳ್ಳಿ. 6×1, 5×2, 7×3, 6×4. ಒಟ್ಟು 61. ಅದರ ಕೊನೆಯ ಅಂಕಿ 1. ನಂಬರಿನ ಕೊನೆಯಲ್ಲೂ 1 ಇದೆ. ಹಾಗಾದರೆ ಬರೆದದ್ದು ಸರಿ. ಹೊಂದದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

ಮಿಶ್ರಣವಾದರೆ ಒಳಗಿರುವ ಪ್ರತಿ ವಸ್ತುವಿನ ನಂಬರ್ ಮತ್ತು ಶೇಕಡಾವಾರು ಬೇಕು. ಮಾರಿದವರಿಗೆ ಇಮೇಲ್ ಕಳಿಸಿ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. "ಅದು ನಮ್ಮ ಗುಟ್ಟು" ಎಂದು ಹೇಳಿ ಅಪಾಯದ ಮಾಹಿತಿಯನ್ನೂ ಕೊಡದವರಿಂದ ಕೊಳ್ಳಬೇಡಿ.

## ಹಂತ 3: ಎಸ್‌ಡಿಎಸ್ ತರಿಸಿ, ಈ ಕ್ರಮದಲ್ಲಿ ಓದಿ

ಎಸ್‌ಡಿಎಸ್ ಅಂದರೆ ಸುರಕ್ಷತಾ ಮಾಹಿತಿ ಹಾಳೆ. ಹಳಬರು ಎಂಎಸ್‌ಡಿಎಸ್ ಅನ್ನುತ್ತಾರೆ. 1989ರ ನಿಯಮಗಳಲ್ಲಿ ನಿಯಮ 17 ಇದರ ಬಗ್ಗೆ ಹೇಳುತ್ತದೆ, ನಮೂನೆ ಅನುಸೂಚಿ 9ರಲ್ಲಿದೆ. ಮಾರುವವರು ಈಗ ಕೊಡುವುದು ಸಾಮಾನ್ಯವಾಗಿ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯ 16 ವಿಭಾಗಗಳ ಹಾಳೆ.

ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಲು ಹೋದರೆ ಸುಸ್ತಾಗುತ್ತದೆ. ನಾನು ಓದುವ ಕ್ರಮ ಹೀಗೆ.

ಮೊದಲು ವಿಭಾಗ 1 ಮತ್ತು 3. ಇದು ನಿಮ್ಮ ಡ್ರಮ್ಮಿನಲ್ಲಿರುವ ವಸ್ತುವೇನಾ, ಕ್ಯಾಸ್ ನಂಬರ್, ಶೇಕಡಾವಾರು ಹೊಂದುತ್ತಾ ನೋಡಿ. ಆಮೇಲೆ ವಿಭಾಗ 2. ಅಲ್ಲಿ ಎಚ್ ಅಕ್ಷರದಿಂದ ಶುರುವಾಗುವ ಸಂಕೇತಗಳಿರುತ್ತವೆ. ಎಚ್ 225 ಅಂದರೆ ಬೇಗ ಬೆಂಕಿ ಹಿಡಿಯುವ ದ್ರವ. ಎಚ್ 314 ಅಂದರೆ ಚರ್ಮ ಸುಡುತ್ತದೆ, ಕಣ್ಣು ಹಾಳಾಗುತ್ತದೆ. ಎಚ್ 330 ಅಂದರೆ ಉಸಿರಿಗೆ ಹೋದರೆ ಪ್ರಾಣ ಹೋಗುತ್ತದೆ. ಎಚ್ 350 ಅಂದರೆ ಕ್ಯಾನ್ಸರ್ ತರಬಹುದು. ಈ ಸಂಕೇತಗಳನ್ನು ನಿಮ್ಮ ಪಟ್ಟಿಗೆ ಹಾಗೇ ಇಳಿಸಿಕೊಳ್ಳಿ. ಹಂತ 6ರಲ್ಲಿ ಬೇಕಾಗುತ್ತದೆ.

ಮೂರನೆಯದಾಗಿ ವಿಭಾಗ 9 ಮತ್ತು 10. ಕುದಿಯುವ ಬಿಂದು, ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ), ಆವಿ ಗಾಳಿಗಿಂತ ಭಾರವೋ ಹಗುರವೋ, ಯಾವುದರ ಜೊತೆ ಸೇರಬಾರದು. ಕೊನೆಗೆ ವಿಭಾಗ 4, 7, 8. ಪ್ರಥಮ ಚಿಕಿತ್ಸೆ, ಇಡುವ ರೀತಿ, ಕೈಗವಸು ಯಾವುದು.

ಸಾಮಾನ್ಯ ತಪ್ಪು: ಇಂಟರ್‌ನೆಟ್ಟಿನಲ್ಲಿ ಸಿಕ್ಕ ಬೇರೆ ಕಂಪನಿಯ ಹಾಳೆ ಇಳಿಸಿಕೊಳ್ಳುವುದು. 10 ಶೇಕಡಾ ಆಸಿಡ್ಡಿಗೂ 98 ಶೇಕಡಾ ಆಸಿಡ್ಡಿಗೂ ಒಂದೇ ಹಾಳೆ ಆಗುವುದಿಲ್ಲ. ಇನ್ನೊಂದು ತಪ್ಪು, ಇಂಗ್ಲಿಷ್ ಹಾಳೆಯನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳುವುದು. ಪ್ರತಿ ವಸ್ತುವಿಗೂ ಒಂದು ಪುಟದ ಕನ್ನಡ ಕಾರ್ಡ್ ಮಾಡಿ. ಹೆಲ್ಪರ್‌ಗಳು ಒಡಿಶಾ, ಬಿಹಾರದಿಂದ ಬಂದಿದ್ದರೆ ಹಿಂದಿಯಲ್ಲೂ ಮಾಡಿ. ಓದಲು ಬಾರದವರಿಗೆ ಚಿತ್ರ ಹಾಕಿ, ಒಮ್ಮೆ ಬಾಯಿಬಿಟ್ಟು ಹೇಳಿ, ಅವರ ಬಾಯಿಂದ ವಾಪಸ್ ಹೇಳಿಸಿ.

## ಹಂತ 4: ಕಾನೂನಿನ ಮಿತಿಯ ಜೊತೆ ಹೋಲಿಸಿ

ಈಗ 1989ರ ನಿಯಮಗಳ ಅನುಸೂಚಿ ತೆರೆಯಿರಿ. ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದನೆಯದು: ನನ್ನ ವಸ್ತು ಅಪಾಯಕಾರಿಯಾ? ಅನುಸೂಚಿ 1ರ ಎರಡನೇ ಭಾಗದಲ್ಲಿ 684 ಹೆಸರುಗಳಿವೆ. ಅಲ್ಲಿ ಸಿಗಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ. ಮೊದಲನೇ ಭಾಗದಲ್ಲಿ ವಿಷದ ಗುಣ, ಬೆಂಕಿ ಹಿಡಿಯುವ ಗುಣ, ಸ್ಫೋಟದ ಗುಣಕ್ಕೆ ಮಾನದಂಡಗಳಿವೆ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಗುಣ ಹೊಂದಿದರೆ ಅದು ಅಪಾಯಕಾರಿಯೇ.

ಎರಡನೆಯದು: ಬರೀ ದಾಸ್ತಾನು ಇಡುತ್ತೀರಾ, ಪ್ರಕ್ರಿಯೆಯಲ್ಲಿ ಬಳಸುತ್ತೀರಾ? ಪ್ರಕ್ರಿಯೆಗೆ ಸೇರದ, ಪ್ರತ್ಯೇಕ ದಾಸ್ತಾನಿಗೆ ಅನುಸೂಚಿ 2. ಪ್ರಕ್ರಿಯೆ ಇದ್ದರೆ ಅನುಸೂಚಿ 3. ಎರಡರಲ್ಲೂ ಕೆಲವು ಮಿತಿಗಳು ಬೇರೆ ಬೇರೆ.

ಮೂರನೆಯದು: ಪ್ರಮಾಣ ಎಷ್ಟು? ಪ್ರತಿ ವಸ್ತುವಿಗೂ ಕೆಳಮಿತಿ, ಮೇಲ್ಮಿತಿ ಅಂತ ಎರಡು ಅಂಕಿ ಇರುತ್ತವೆ. ಕ್ಲೋರಿನ್‌ಗೆ 10 ಟನ್ ಮತ್ತು 25 ಟನ್. ಅಮೋನಿಯಕ್ಕೆ, ಪ್ರತ್ಯೇಕ ದಾಸ್ತಾನಾದರೆ, 60 ಟನ್ ಮತ್ತು 600 ಟನ್. ಭೋಪಾಲದಲ್ಲಿ 1984ರಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್‌ಗೆ ಬರೀ 150 ಕಿಲೋ. ಕೆಳಮಿತಿ ಮುಟ್ಟಿದರೆ ನಿವೇಶನದ ಅಧಿಸೂಚನೆ (ಇಲ್ಲಿ ಏನಿದೆ, ಎಷ್ಟಿದೆ ಅಂತ ಇಲಾಖೆಗೆ ಬರೆದು ತಿಳಿಸುವುದು), ಕಾರ್ಖಾನೆಯೊಳಗಿನ ತುರ್ತು ಯೋಜನೆ, ಸುತ್ತಲಿನ ಜನರಿಗೆ ಮಾಹಿತಿ ಕೊಡುವ ಹೊಣೆ ಬರುತ್ತದೆ. ಮೇಲ್ಮಿತಿ ಮುಟ್ಟಿದರೆ ಅದರ ಜೊತೆಗೆ ಸುರಕ್ಷತಾ ವರದಿ, ವರ್ಷಕ್ಕೊಮ್ಮೆ ಹೊರಗಿನ ಪರಿಣತರಿಂದ ಆಡಿಟ್.

ಒಂದು ಲೆಕ್ಕ ಮಾಡೋಣ. ಕ್ಲೋರಿನ್ ಟೋನರ್, ಅಂದರೆ ಮಲಗಿಸಿಡುವ ದೊಡ್ಡ ಸಿಲಿಂಡರ್, ಒಂದರಲ್ಲಿ 900 ಕಿಲೋ ಇರುತ್ತದೆ. 11 ಟೋನರ್ ಅಂದರೆ 9.9 ಟನ್, ಮಿತಿಯ ಕೆಳಗೆ. 12ನೆಯದು ಬಂದ ದಿನ 10.8 ಟನ್. "ನಮ್ಮಲ್ಲಿ ಸರಾಸರಿ ಎಂಟೇ ಇರುತ್ತೆ" ಅನ್ನುವುದು ಉತ್ತರ ಅಲ್ಲ. ಲಾರಿ ಬಂದು ಇಳಿಸಿದ ದಿನ, ಹಳೆಯದು ಇನ್ನೂ ಮುಗಿಯದ ದಿನ ಎಷ್ಟಿರುತ್ತದೆ ಎಂಬುದೇ ಲೆಕ್ಕ. ಗರಿಷ್ಠ ದಾಸ್ತಾನು ಬರೆಯಿರಿ.

ಇನ್ನೊಂದು ಎಡವಟ್ಟು ಜಾಗದ್ದು. ಒಬ್ಬರೇ ಮಾಲೀಕರ ಎರಡು ಶೆಡ್ 500 ಮೀಟರ್ ಒಳಗಿದ್ದರೆ ಎರಡರ ದಾಸ್ತಾನೂ ಕೂಡಿಸಬೇಕು. ದಾಸ್ತಾನಿಗೆ ಅಂತ ನಿಲ್ಲಿಸಿಕೊಂಡ ಟ್ಯಾಂಕರ್ ಕೂಡ ಲೆಕ್ಕಕ್ಕೆ ಬರುತ್ತದೆ. ಮಿತಿ ತಪ್ಪಿಸಲು ಸರಕನ್ನು ಎರಡು ಗೋದಾಮಿಗೆ ಹಂಚುವವರಿದ್ದಾರೆ. ಗೋದಾಮುಗಳು ಅಕ್ಕಪಕ್ಕ ಇದ್ದರೆ ಕಾನೂನಿಗೂ ಅದು ಒಂದೇ, ಗಾಳಿಗೂ ಒಂದೇ.

ಮಿತಿಯ ಕೆಳಗಿದ್ದೇವೆ, ನಮಗೇನೂ ಅನ್ವಯಿಸುವುದಿಲ್ಲ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಇದು ಪೂರಾ ತಪ್ಪು. ಅನುಸೂಚಿ 1ರ ವಸ್ತುವನ್ನು ಕೈಗಾರಿಕಾ ಪ್ರಕ್ರಿಯೆಯಲ್ಲಿ ಬಳಸುವವರಿಗೆ ನಿಯಮ 4 ಅನ್ವಯಿಸುತ್ತದೆ. ಅಪಾಯ ಗುರುತಿಸಬೇಕು, ತಡೆಯುವ ಕ್ರಮ ಇರಬೇಕು, ಕೆಲಸಗಾರರಿಗೆ ಮಾಹಿತಿ, ತರಬೇತಿ, ಸಲಕರಣೆ ಕೊಡಬೇಕು. ಸಲಕರಣೆಯಲ್ಲಿ ಪ್ರತಿವಿಷವೂ ಸೇರುತ್ತದೆ. ಸಯನೈಡ್ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಸಯನೈಡ್ ಪ್ರತಿವಿಷ ಇದೆಯಾ ಅಂತ ಇವತ್ತೇ ಕೇಳಿ.

ಇದರ ಜೊತೆ ಬೇರೆ ಕಾನೂನುಗಳೂ ಇವೆ. ಡೀಸೆಲ್ ವರ್ಗ ಬಿ ಪೆಟ್ರೋಲಿಯಂ. 2,500 ಲೀಟರ್‌ವರೆಗೆ, ಯಾವ ಪಾತ್ರೆಯೂ 1,000 ಲೀಟರ್ ಮೀರದಿದ್ದರೆ, ಪರವಾನಗಿ ಬೇಡ. ಪೆಟ್ರೋಲ್‌ನಂಥ ವರ್ಗ ಎ ಆದರೆ, ಮಾರಾಟಕ್ಕಲ್ಲದ ಬಳಕೆಗೆ ಬರೀ 30 ಲೀಟರ್. ಅದರ ಮೇಲೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ನಿಯಮ ನೋಡಬೇಕು. ಒತ್ತಡದ ಸಿಲಿಂಡರಿಗೂ ಅವರೇ.

## ಹಂತ 5: ಯಾವುದರ ಪಕ್ಕ ಯಾವುದಿದೆ?

ನಕ್ಷೆ ಹರಡಿ. ಆಸಿಡ್‌ಗೆ ಕೆಂಪು ಚುಕ್ಕೆ, ಕ್ಷಾರಕ್ಕೆ ನೀಲಿ, ಬೆಂಕಿ ಹಿಡಿಯುವುದಕ್ಕೆ ಹಳದಿ, ಬೆಂಕಿಗೆ ಆಮ್ಲಜನಕ ಒದಗಿಸುವ ಆಕ್ಸಿಡೈಸರ್‌ಗೆ ಹಸಿರು, ಸಯನೈಡ್ ಮತ್ತು ಸಲ್ಫೈಡ್‌ಗೆ ಕಪ್ಪು. ಕೆಂಪಿನ ಪಕ್ಕ ಕಪ್ಪು ಬಂದರೆ ಅವತ್ತೇ ಜಾಗ ಬದಲಿಸಿ. ಫೈಲ್ ಮುಗಿಯುವವರೆಗೆ ಕಾಯಬೇಡಿ.

ನೆನಪಿಡಬೇಕಾದ ಜೋಡಿಗಳು ಇವು. ಸಯನೈಡ್ ಮತ್ತು ಆಸಿಡ್ ಸೇರಿದರೆ ಹೈಡ್ರೋಜನ್ ಸಯನೈಡ್. ಸೋಡಿಯಂ ಸಲ್ಫೈಡ್ ಮತ್ತು ಆಸಿಡ್ ಸೇರಿದರೆ ಹೈಡ್ರೋಜನ್ ಸಲ್ಫೈಡ್. ಬ್ಲೀಚ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್. ನೈಟ್ರಿಕ್ ಆಸಿಡ್ ಮತ್ತು ಸಾಲ್ವೆಂಟ್ ಸೇರಿದರೆ ಬೆಂಕಿ, ಸ್ಫೋಟ. ಬಣ್ಣ ಹಾಕುವ ಘಟಕದವರು ಬಳಸುವ, ಸೋಡಿಯಂ ಡೈಥಯೋನೈಟ್ ಎಂಬ ಪುಡಿಯಾದ ಹೈಡ್ರೋಸ್‌ಗೆ ಸ್ವಲ್ಪ ನೀರು ತಾಗಿದರೂ ಸಾಕು, ಒಳಗೊಳಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೈಡ್ರೋಸ್ ಡ್ರಮ್ ಮುಟ್ಟಿದಾಗ ಬೆಚ್ಚಗಿದ್ದರೆ, ಗಂಧಕದ ಘಾಟು ಬಂದರೆ ಜನರನ್ನು ಹೊರಗೆ ಕಳಿಸಿ. ಮಳೆಗಾಲ ಶುರುವಾಗುವ ಮುಂಚೆ ಶೀಟು ಸೋರುತ್ತಾ ಅಂತ ಮೇಲೆ ಹತ್ತಿ ನೋಡಿಸಿ.

ಅಕ್ಷರದ ಕ್ರಮದಲ್ಲಿ ಜೋಡಿಸಿದ ಕಪಾಟು ನೋಡಲು ಚೆಂದ. ಆದರೆ ಆ ಕ್ರಮದಲ್ಲಿ ಸೇರಬಾರದ್ದೆಲ್ಲ ಅಕ್ಕಪಕ್ಕ ಕೂರುತ್ತವೆ. ಗುಣದ ಪ್ರಕಾರ ಜೋಡಿಸಿ.

ಚರಂಡಿಯನ್ನೂ ನಕ್ಷೆಯಲ್ಲಿ ಗುರುತಿಸಿ. ಸ್ಟೋರಿನಲ್ಲಿ ಎರಡು ಮೂಲೆಯಲ್ಲಿಟ್ಟ ಎರಡು ದ್ರವ ಒಂದೇ ಚರಂಡಿಗೆ ಹರಿದು ಅಲ್ಲಿ ಸೇರುತ್ತವೆ. ಅದಕ್ಕೇ ಪ್ರತಿ ಗುಂಪಿಗೂ ಬೇರೆ ಬೇರೆ ಕಟ್ಟೆ ಬೇಕು. ಕಟ್ಟೆಯೊಳಗೆ ಅತಿ ದೊಡ್ಡ ಪಾತ್ರೆಯ 110 ಶೇಕಡಾ ದ್ರವ ಹಿಡಿಯಬೇಕು. 200 ಲೀಟರ್ ಡ್ರಮ್ಮಿಗೆ 220 ಲೀಟರ್. ಟೇಪಿನಿಂದ ಅಳೆದು ಲೆಕ್ಕ ಹಾಕಿ.

## ಹಂತ 6: ಯಾರು ಮುಟ್ಟುತ್ತಾರೆ, ಎಷ್ಟು ಹೊತ್ತು, ಹೇಗೆ?

ಇಲ್ಲಿಯವರೆಗೆ ವಸ್ತುವಿನ ಗುಣ ನೋಡಿದಿರಿ. ಅದೇ ಅಪಾಯದ ಪೂರ್ತಿ ಅಳತೆ ಅಲ್ಲ. ಸೀಲ್ ಆದ ಡ್ರಮ್ಮಿನ ಮೆಥನಾಲ್ ಬೇರೆ, ತೆರೆದ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸುವ ಮೆಥನಾಲ್ ಬೇರೆ.

ಒಂದು ಪಾಳಿ ಪೂರ್ತಿ ನಿಂತು ನೋಡಿ. ಯಾರು ಡ್ರಮ್ ಬಿಚ್ಚುತ್ತಾರೆ? ಪಂಪಿನಿಂದ ಎತ್ತುತ್ತಾರಾ, ಬಗ್ಗಿಸಿ ಸುರಿಯುತ್ತಾರಾ? ಪೈಪನ್ನು ಬಾಯಿಂದ ಎಳೆಯುತ್ತಾರಾ? ತೊಟ್ಟಿ ತೊಳೆಯುವುದು ಯಾವಾಗ, ಯಾರು? ಊಟಕ್ಕೆ ಮುಂಚೆ ಕೈ ತೊಳೆಯುವ ಜಾಗ ಎಲ್ಲಿ? ಕೆಲಸದ ಬಟ್ಟೆ ಮನೆಗೆ ಹೋಗುತ್ತಾ? ರಾತ್ರಿ ಪಾಳಿಯನ್ನೂ ನೋಡಿ. ಹಗಲು ಕಾಣದ್ದು ರಾತ್ರಿ ಕಾಣುತ್ತದೆ. ಗುತ್ತಿಗೆಯ ಕ್ಲೀನಿಂಗ್ ಹುಡುಗರನ್ನು ಪಟ್ಟಿಯಿಂದ ಬಿಡಬೇಡಿ. ಅತಿ ಜಾಸ್ತಿ ಮುಟ್ಟುವವರು ಅವರೇ, ತರಬೇತಿ ಇಲ್ಲದವರೂ ಅವರೇ.

ಗಾಳಿಯಲ್ಲಿ ಎಷ್ಟಿರಬಹುದು ಎಂಬುದಕ್ಕೆ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯ ಅಂಕಿಗಳು ನಾವು ಬಳಸುತ್ತಾ ಬಂದವು. 8 ಗಂಟೆಯ ಸರಾಸರಿ, 15 ನಿಮಿಷದ ಮಿತಿ ಅಂತ ಎರಡು. ಅಮೋನಿಯಕ್ಕೆ 25 ಮತ್ತು 35 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ). ಕ್ಲೋರಿನ್‌ಗೆ 1 ಮತ್ತು 3. ಹೈಡ್ರೋಜನ್ ಸಲ್ಫೈಡ್‌ಗೆ 10 ಮತ್ತು 15. ಟೊಲುಯೀನ್‌ಗೆ 100 ಮತ್ತು 150. ಮಾನ್ಯತೆ ಪಡೆದ ಲ್ಯಾಬಿನವರಿಂದ ಅಳೆಸಿ. ಕೆಲಸಗಾರನ ಮೂಗಿನ ಹತ್ತಿರ ಅಳೆಯಬೇಕು, ಕೆಲಸ ನಡೆಯುವಾಗಲೇ ಅಳೆಯಬೇಕು. ಬಾಗಿಲ ಬಳಿ ಸ್ಟ್ಯಾಂಡ್ ನಿಲ್ಲಿಸಿ, ಮೆಷಿನ್ ಆಫ್ ಮಾಡಿ ತೆಗೆದ ಅಂಕಿಯಿಂದ ಯಾರಿಗೂ ಉಪಯೋಗ ಇಲ್ಲ.

ಮೂಗನ್ನು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ ಮುಟ್ಟಿದರೆ ವಾಸನೆ ಗುರುತಿಸುವ ಶಕ್ತಿಯೇ ಹೋಗುತ್ತದೆ. "ಮೊದಲು ವಾಸನೆ ಇತ್ತು, ಈಗ ಹೋಯ್ತು" ಎಂದು ಯಾರಾದರೂ ಹೇಳಿದರೆ ಒಂದು ಕ್ಷಣವೂ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆತನ್ನಿ. ಇಟಿಪಿ ಗುಂಡಿ, ಮ್ಯಾನ್‌ಹೋಲ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸಾಯುವುದು ಇದೇ ಅನಿಲದಿಂದ. ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಗಾಳಿಯ ಸಿಲಿಂಡರ್, ಹಗ್ಗ, ಮೇಲೆ ಕಾವಲು ಇಲ್ಲದೆ ಯಾರನ್ನೂ ಇಳಿಸಬೇಡಿ.

### ಅಳೆಯಲು ಸಲಕರಣೆ ಇಲ್ಲದಿದ್ದರೆ

ಬ್ರಿಟನ್ನಿನಲ್ಲಿ ಸಣ್ಣ ಘಟಕಗಳಿಗೆಂದೇ ಮಾಡಿದ ಕಂಟ್ರೋಲ್ ಬ್ಯಾಂಡಿಂಗ್ ಎಂಬ ವಿಧಾನ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅದನ್ನು ಹಂಚಿದೆ. ಮೂರು ವಿಷಯ ಸಾಕು: ಎಚ್ ಸಂಕೇತ, ಒಮ್ಮೆಗೆ ಬಳಸುವ ಪ್ರಮಾಣ, ಎಷ್ಟು ಬೇಗ ಆವಿಯಾಗುತ್ತದೆ ಎಂಬುದು.

ಎಚ್ ಸಂಕೇತದಿಂದ ಎ ಯಿಂದ ಇ ವರೆಗಿನ ಗುಂಪು ಸಿಗುತ್ತದೆ. ಎ ಹಗುರ, ಇ ಅತಿ ಗಂಭೀರ. ಪ್ರಮಾಣ ಗ್ರಾಂ ಲೆಕ್ಕದಲ್ಲಾ, ಕಿಲೋ ಅಥವಾ ಲೀಟರ್ ಲೆಕ್ಕದಲ್ಲಾ, ಟನ್ ಲೆಕ್ಕದಲ್ಲಾ ನೋಡಿ. ಸಾಮಾನ್ಯ ಉಷ್ಣತೆಯಲ್ಲಿ ಬಳಸುವ ದ್ರವ 50 ಡಿಗ್ರಿಗಿಂತ ಕೆಳಗೆ ಕುದಿಯುವುದಾದರೆ ಆವಿ ಜಾಸ್ತಿ, 150ಕ್ಕಿಂತ ಮೇಲಾದರೆ ಕಡಿಮೆ, ನಡುವೆ ಇದ್ದರೆ ಮಧ್ಯಮ.

ಮೆಥನಾಲ್ ತೆಗೆದುಕೊಳ್ಳಿ. ಎಚ್ 331 (ಉಸಿರಿಗೆ ಹೋದರೆ ವಿಷ) ಇರುವುದರಿಂದ ಗುಂಪು ಸಿ. ದಿನಕ್ಕೆ 20 ಲೀಟರ್, ಅಂದರೆ ಮಧ್ಯಮ ಪ್ರಮಾಣ. ಕುದಿಯುವುದು ಸುಮಾರು 65 ಡಿಗ್ರಿಗೆ, ಅಂದರೆ ಮಧ್ಯಮ ಆವಿ. ಈ ವಿಧಾನದ ಕೋಷ್ಟಕದಲ್ಲಿ ಸಿಗುವ ಉತ್ತರ ಮೂರನೇ ಮಟ್ಟ: ಮುಚ್ಚಿದ ವ್ಯವಸ್ಥೆಯಲ್ಲೇ ಬಳಸಬೇಕು. ತೆರೆದ ಬಕೆಟ್ ಆಗದು, ಕಿಟಕಿ ತೆರೆದಿಟ್ಟರೂ ಸಾಲದು. ಈ ವಿಧಾನ ಬೆಂಕಿಯ ಅಪಾಯ ಹೇಳುವುದಿಲ್ಲ. ಅದನ್ನು ಬೇರೆ ನೋಡಿ.

## ಹಂತ 7: ತಡೆಯುವ ಕ್ರಮ, ಮೇಲಿನಿಂದ ಕೆಳಕ್ಕೆ

ಎಲ್ಲರೂ ಮೊದಲು ಮಾಸ್ಕ್ ಕೊಳ್ಳುತ್ತಾರೆ. ಅದು ಕೊನೆಯ ಉಪಾಯ. ಮೊದಲು ಕೇಳಬೇಕಾದ್ದು: ಈ ವಸ್ತು ಬೇಕೇ ಬೇಕಾ? ಸಯನೈಡ್ ಜಿಂಕ್ ಪ್ಲೇಟಿಂಗ್ ಬದಲು ಕ್ಷಾರೀಯ ಜಿಂಕ್ ಸ್ನಾನಕ್ಕೆ ಬಂದ ಘಟಕಗಳಿವೆ. ಬದಲಿಸಲು ಆಗದಿದ್ದರೆ ಮುಚ್ಚಿ. ಬಕೆಟ್ ಬದಲು ಪಂಪು, ತೆರೆದ ತೊಟ್ಟಿಗೆ ಮುಚ್ಚಳ. ಆಮೇಲೆ ಹೊಗೆ ಏಳುವ ಜಾಗದಲ್ಲೇ ಎಳೆಯುವ ಎಗ್ಸಾಸ್ಟ್.

ಎಗ್ಸಾಸ್ಟ್ ಎಲ್ಲಿರಬೇಕು ಎಂಬುದಕ್ಕೆ ಹಂತ 3ರಲ್ಲಿ ಬರೆದ ಆವಿಯ ಭಾರ ನೋಡಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಫ್ಯಾನ್ ಗೋಡೆಯ ಮೇಲ್ತುದಿಯಲ್ಲಿದ್ದರೆ ನೆಲದ ಮೇಲಿನ ಅನಿಲ ಅಲ್ಲೇ ಉಳಿಯುತ್ತದೆ. ಎಳೆಯುವ ಬಾಯಿ ನೆಲದ ಹತ್ತಿರ ಇರಬೇಕು. ಸ್ವಿಚ್ ಕೋಣೆಯ ಹೊರಗಿರಬೇಕು.

ಕೊನೆಯಲ್ಲಿ ಮಾಸ್ಕ್, ಕೈಗವಸು. ಧೂಳಿನ ಮಾಸ್ಕ್ ಅನಿಲ ತಡೆಯುವುದಿಲ್ಲ. ಎನ್95 ಕೂಡ ತಡೆಯುವುದಿಲ್ಲ. ಅನಿಲಕ್ಕೆ ತಕ್ಕ ಕಾರ್ಟ್ರಿಜ್ ಬೇಕು, ಅದಕ್ಕೂ ಅವಧಿ ಇದೆ. ಕೈಗವಸೂ ಹಾಗೇ. ತೆಳ್ಳಗಿನ ನೈಟ್ರೈಲ್ ಗವಸಿನೊಳಗೆ ಟೊಲುಯೀನ್ ನಿಮಿಷಗಳಲ್ಲಿ ಇಳಿಯುತ್ತದೆ. ಹೊರಗಿನಿಂದ ಗವಸು ಚೆನ್ನಾಗೇ ಕಾಣುತ್ತಿರುತ್ತದೆ.

ಆಸಿಡ್, ಕಾಸ್ಟಿಕ್ ಇರುವಲ್ಲಿ ಶವರ್ ಮತ್ತು ಕಣ್ಣು ತೊಳೆಯುವ ನಲ್ಲಿ 10 ಸೆಕೆಂಡ್ ನಡಿಗೆಯೊಳಗೆ ಇರಲಿ. ವಾರಕ್ಕೊಮ್ಮೆ ತಿರುಗಿಸಿ ನೋಡಿ. ಕನಿಷ್ಠ 15 ನಿಮಿಷ ನೀರು ಬರಬೇಕು. ಅದರ ಮುಂದೆ ಡ್ರಮ್ ಪೇರಿಸಿದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

## ಹಂತ 8: ತುರ್ತು ಯೋಜನೆ, ನಿಮ್ಮ ವಸ್ತುವಿಗೆ ತಕ್ಕಂತೆ

ಪ್ರತಿ ಮುಖ್ಯ ವಸ್ತುವಿಗೂ ಒಂದು ಪುಟ ಸಾಕು. ಸೋರಿದರೆ ಮೊದಲ ಐದು ನಿಮಿಷ ಯಾರು ಏನು ಮಾಡಬೇಕು ಅಂತ ಬರೆಯಿರಿ. ಹೆಸರಿನ ಬದಲು ಹುದ್ದೆ ಬರೆಯಿರಿ, ರಾತ್ರಿ ಪಾಳಿಗೂ ಹೊಂದಬೇಕು. 112, ಅಗ್ನಿಶಾಮಕ 101, ಆಂಬುಲೆನ್ಸ್ 108 ದೊಡ್ಡ ಅಕ್ಷರದಲ್ಲಿರಲಿ.

ವಸ್ತುವಿಗೆ ತಕ್ಕಂತೆ ಅಂದೆ. ಕಾರಣ ಇದೆ. ಅಮೋನಿಯದ ಮೋಡವನ್ನು ನೀರಿನ ತುಂತುರಿನಿಂದ ತಡೆಯುತ್ತಾರೆ. ಅದೇ ಅಭ್ಯಾಸದಲ್ಲಿ ಕ್ಲೋರಿನ್ ಟೋನರ್ ಸೋರುವ ಜಾಗಕ್ಕೆ ನೀರು ಹೊಡೆದರೆ ಲೋಹ ಕೊರೆದು ತೂತು ದೊಡ್ಡದಾಗುತ್ತದೆ. ಟೋನರ್ ಸೋರಿದರೆ ತರಬೇತಿ ಪಡೆದವರು, ಗಾಳಿ ಸಿಲಿಂಡರ್ ಹಾಕಿಕೊಂಡು, ಸೋರುವ ಜಾಗ ಮೇಲೆ ಬರುವಂತೆ ಅದನ್ನು ಉರುಳಿಸಬೇಕು. ಆಗ ದ್ರವದ ಬದಲು ಅನಿಲ ಬರುತ್ತದೆ. ದ್ರವ ಕ್ಲೋರಿನ್ ಅನಿಲವಾದರೆ ಸುಮಾರು 450 ಪಟ್ಟು ಹಿಗ್ಗುತ್ತದೆ. ಉಳಿದವರು ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಎತ್ತರದ ಕಡೆಗೆ ಹೋಗಬೇಕು. ಅದಕ್ಕೆ ಎಲ್ಲರಿಗೂ ಕಾಣುವ ಗಾಳಿಚೀಲ ಬೇಕು.

ಕೆಲಸ ನಿಂತ ದಿನಗಳಿಗೂ ಯೋಜನೆ ಬರೆಯಿರಿ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಸ್ಟೈರೀನ್ ಆವಿ ಹೊರಬಂದಾಗ ಕಾರ್ಖಾನೆ ಲಾಕ್‌ಡೌನಿನಿಂದ ನಿಂತಿತ್ತು. 12 ಜನ ಸತ್ತರು. ಟ್ಯಾಂಕಿನಲ್ಲಿದ್ದ ಸ್ಟೈರೀನ್ ತಾನೇ ಪಾಲಿಮರ್ ಆಗುತ್ತಾ ಬಿಸಿಯೇರಿತ್ತು. ಉಷ್ಣತೆ ಅಳೆಯುತ್ತಿದ್ದದ್ದು ಟ್ಯಾಂಕಿನ ಕೆಳಭಾಗದಲ್ಲಿ ಮಾತ್ರ. ದಸರಾ ರಜೆ, ಮುಷ್ಕರ, ಆರ್ಡರ್ ಇಲ್ಲದ ತಿಂಗಳು, ಆಗ ಟ್ಯಾಂಕಿನ ಉಷ್ಣತೆ ನೋಡುವವರು ಯಾರು?

ಮಿತಿ ಮೀರಿದ ಘಟಕಗಳಿಗೆ 6 ತಿಂಗಳಿಗೊಮ್ಮೆ ಅಣಕು ಕಸರತ್ತು ಕಡ್ಡಾಯ. ಮಿತಿಯ ಕೆಳಗಿದ್ದರೂ ಮಾಡಿ. ಒಂದನ್ನಾದರೂ ರಾತ್ರಿ, ಹೇಳದೆ ಮಾಡಿ.

## ಹಂತ 9: ಈಗ ಫಾರ್ಮು

ಈ ಹೊತ್ತಿಗೆ ಫಾರ್ಮಿನ ಎಲ್ಲ ಕಾಲಂಗೂ ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲಿದೆ.

ಮಿತಿ ಮುಟ್ಟುವವರು ಅನುಸೂಚಿ 7ರ ಅಧಿಸೂಚನೆಯನ್ನು ಕೆಲಸ ಶುರು ಮಾಡುವ ಕನಿಷ್ಠ 3 ತಿಂಗಳ ಮುಂಚೆ ಕೊಡಬೇಕು. ಸುರಕ್ಷತಾ ವರದಿಗೆ ಅನುಸೂಚಿ 8, ತುರ್ತು ಯೋಜನೆಗೆ ಅನುಸೂಚಿ 11. ಕರ್ನಾಟಕದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಇದು ಹೋಗುತ್ತದೆ. ದೊಡ್ಡ ಅಪಘಾತವಾದರೆ 48 ಗಂಟೆಯೊಳಗೆ ತಿಳಿಸಬೇಕು.

ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಕಳಿಸುವಾಗ ಫಾರ್ಮ್ 10ರ ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಬೇಕು. ಹೊರಗಿನ ಜನರಿಗೆ ಹಾನಿಯಾದರೆ ಪರಿಹಾರ ಕೊಡಲು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ನೋಡಿ. ಅಗ್ನಿ ವಿಮೆ ಇದೆ ಅಂತ ಅದನ್ನು ಬಿಡಬೇಡಿ, ಎರಡೂ ಬೇರೆ.

ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ 2025ರ ನವೆಂಬರ್ 21ರಂದು ಬಂದಿದೆ. ಕಲಂ ಸಂಖ್ಯೆ, ಫಾರ್ಮ್ ಸಂಖ್ಯೆ ಬದಲಾಗುವ ಕಾಲ ಇದು. ಹಳೇ ಫಾರ್ಮ್ ತುಂಬುವ ಮುಂಚೆ ಇಲಾಖೆಯಲ್ಲಿ ಕೇಳಿ.

ಅಪಾಯಕಾರಿ ಪ್ರಕ್ರಿಯೆಯಲ್ಲಿ ಇರುವವರಿಗೆ ಕೆಲಸಕ್ಕೆ ಸೇರುವ ಮುಂಚೆ, ಆಮೇಲೆ 12 ತಿಂಗಳು ಮೀರದಂತೆ ವೈದ್ಯಕೀಯ ತಪಾಸಣೆ ಮಾಡಿಸುತ್ತಾ ಬಂದಿದ್ದೇವೆ. ಅದರ ವರದಿ ಕೆಲಸಗಾರನ ಕೈಗೂ ಹೋಗಬೇಕು. ಅದು ಅವನ ಮೈ ಬಗ್ಗೆ ಇರುವ ಕಾಗದ ಅಲ್ವಾ.

## ಯಾವಾಗ ಮತ್ತೆ ಹಂತ 1ಕ್ಕೆ ಬರಬೇಕು?

ವರ್ಷಕ್ಕೊಮ್ಮೆ ಖಂಡಿತ. ಅದಕ್ಕೂ ಮುಂಚೆ ಇವುಗಳಲ್ಲಿ ಒಂದು ಆದರೂ ಸಾಕು: ಹೊಸ ರಾಸಾಯನಿಕ ಬಂತು, ಮಾರುವವರು ಬದಲಾದರು, ದಾಸ್ತಾನು ಜಾಸ್ತಿಯಾಯಿತು, ಶೆಡ್ಡಿನೊಳಗೆ ಗೋಡೆ ಎದ್ದಿತು, ಪಕ್ಕದ ಖಾಲಿ ಸೈಟಿನಲ್ಲಿ ಶಾಲೆಯೋ ಪಿಜಿಯೋ ಬಂತು.

ಕೆಲಸಗಾರರ ಮಾತಿನಲ್ಲೂ ಲಕ್ಷಣ ಇರುತ್ತದೆ. "ಭಾನುವಾರ ತಲೆನೋವು ಇರಲ್ಲ ಸಾರ್, ಸೋಮವಾರ ಶುರುವಾಗುತ್ತೆ." "ಕೈ ಬಿರಿತಿದೆ." "ಆ ಮೂಲೆಗೆ ಹೋದರೆ ಕಣ್ಣು ಉರಿಯುತ್ತೆ." ಇಂಥ ಮಾತು ಕೇಳಿದ ದಿನ ಫೈಲ್ ಪಕ್ಕಕ್ಕಿಟ್ಟು ಆ ಮೂಲೆಗೆ ಹೋಗಿ, ಅವರ ಜೊತೆ ಹತ್ತು ನಿಮಿಷ ನಿಂತುಕೊಳ್ಳಿ. ಯಾವ ಡ್ರಮ್ಮಿನ ಮುಚ್ಚಳ ತೆರೆದಿದೆ ಅಂತ ಅವರೇ ತೋರಿಸುತ್ತಾರೆ.